ಕಿತ್ತಿಕೋ ಹಚ್ಚಿಕೋ: ಹರಿಹರದ ಆಚೆ ದಡದ ಕತೆ

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲನ್ನ ಉಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಪಿ.ಬಿ. ರಸ್ತೆಯಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಮುಟ್ಟೋಕಾಗಲ್ಲ, ರಾತ್ರಿ ಹತ್ತಾದರೂ ಗೋಡೆ ಬೆಚ್ಚಗೇ ಇರುತ್ತೆ. ಅಂಥ ಹೊತ್ತಲ್ಲೇ ಗೆಳೆಯರ ಗುಂಪಿನಲ್ಲಿ ಯಾರಾದರೊಬ್ಬರು ಮಾತು ತೆಗೀತಾರೆ: ‘ನಾವೇ ಒಂದು ನಾಗರಿಕರ ಗುಂಪು ಕಟ್ಟೋಣ. ಕಾರ್ಬನ್ ಕಡಿಮೆ ಮಾಡೋದು ನಮ್ಮೂರಿಂದಲೇ ಶುರುವಾಗಲಿ.’ ಎಲ್ಲರೂ ಹೂಂ ಅಂತಾರೆ. ಮಾರನೇ ವಾರ ಗುಂಪಿಗೆ ಹೆಸರೇನಿಡೋಣ, ಟೀ ಶರ್ಟ್ ಯಾವ ಬಣ್ಣದ್ದು ಅನ್ನೋ ಚರ್ಚೆ. ಜೂನ್ 5ಕ್ಕೆ ಒಂದಿಷ್ಟು ಸಸಿ, ಒಂದಿಷ್ಟು ಫೋಟೋ. ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಗುಂಪೂ ತಣ್ಣಗಾಗುತ್ತೆ.

ಇಂಥ ಗುಂಪು ಕಟ್ಟಬಾರದು ಅಂತ ನಾನು ಹೇಳ್ತಿಲ್ಲ. ಕಟ್ಟಲೇಬೇಕು. ಆದ್ರೆ ಕಟ್ಟೋ ಮೊದಲು ಒಂದು ಹಳೇ ಕತೆ ತಿಳ್ಕೊಂಡರೆ ಒಳ್ಳೇದು. ಅದಕ್ಕಾಗಿ ಇಂಗ್ಲೆಂಡಿಗೋ ಸ್ವೀಡನ್ನಿಗೋ ಹೋಗಬೇಕಾಗಿಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಬಸ್ ಹತ್ತಿ, ಅಲ್ಲಿಂದ ತುಂಗಭದ್ರೆಯ ಸೇತುವೆ ದಾಟಿದರೆ ಸಾಕು. ನಲವತ್ತು ವರ್ಷದ ಹಿಂದೆ ಹೊಗೆ, ನೀರು, ನೆಲ ಮೂರನ್ನೂ ಒಟ್ಟಿಗೆ ಹಿಡಿದು ಪ್ರಶ್ನೆ ಕೇಳಿದ ಸಾಮಾನ್ಯ ಜನರ ಚಳವಳಿಯೊಂದು ಆ ದಡದಿಂದಲೇ ಎದ್ದದ್ದು.

ಮೊದಲು ಊರಿನ ಪರಿಚಯ ಆಗಲಿ. ಇವತ್ತು ಸೇತುವೆಯ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ. 1997ಕ್ಕೆ ಮುಂಚೆ ಈಚೆ ಚಿತ್ರದುರ್ಗ, ಆಚೆ ಧಾರವಾಡ. ಇನ್ನೂ ಹಿಂದಕ್ಕೆ, ಬ್ರಿಟಿಷರ ಕಾಲಕ್ಕೆ ಹೋದರೆ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬೈ ಪ್ರಾಂತ್ಯ. ಹೀಗೆ ಈ ನದಿ ಬಹಳ ಕಾಲ ಗಡಿಯಾಗಿಯೇ ಇದ್ದದ್ದು. ಹರಿಹರದ ದೇವಸ್ಥಾನದಲ್ಲಿ ಅರ್ಧ ಹರಿ, ಅರ್ಧ ಹರ ಸೇರಿ ಒಂದೇ ಮೂರ್ತಿಯಾಗಿ ನಿಂತಿದ್ದಾನೆ. ಹೊಯ್ಸಳರ ದಂಡನಾಯಕ ಪೋಲಾಳ್ವ ಆ ಗುಡಿ ಕಟ್ಟಿಸಿದ್ದು 1224ರಲ್ಲಿ. ದೇವರನ್ನ ಕೂಡಿಸಿದಷ್ಟು ಸುಲಭಕ್ಕೆ ಎರಡು ದಡದ ಜನರನ್ನ ಕೂಡಿಸೋಕೆ ಆಗಲ್ಲ. ಈ ಮಾತು ಯಾಕೆ ಹೇಳಿದೆ ಅನ್ನೋದು ಮುಂದೆ ಗೊತ್ತಾಗುತ್ತೆ.

ದುಡಿಮೆಯ ಊರುಗಳಿವು. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನೋ ಹೆಸರು ಬಂದದ್ದು ಹತ್ತಿ ಗಿರಣಿಗಳಿಂದ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ಓಡ್ತಿದ್ದವು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಿರ್ಲೋಸ್ಕರೂ ನಿಂತಿತು. ಕಾರ್ಖಾನೆ ಮುಚ್ಚೋದು ಅಂದ್ರೆ ಏನು ಅಂತ ಈ ಊರಿನ ಮನೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪರಿಸರದ ಮಾತಾಡೋರು ಇದನ್ನ ಮರೆಯಬಾರದು.

1970ರ ದಶಕದಲ್ಲಿ ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ ಬಿರ್ಲಾ ಗುಂಪಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ತಲೆ ಎತ್ತಿತು. ಮರವನ್ನ ಅರೆದು ತಿರುಳು ಮಾಡೋದು, ಆ ತಿರುಳಿನಿಂದ ರೇಯಾನ್ ನೂಲಿನ ಎಳೆ ತೆಗೆಯೋದು ಅಲ್ಲಿನ ಕೆಲಸ. ಹತ್ತಿ ಗಿರಣಿಯ ಊರಿಗೆ ಮರದ ಬಟ್ಟೆ ಬಂತು ಅನ್ನಿ. ಮರದ ತಿರುಳನ್ನ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಅನ್ನೋ ರಾಸಾಯನಿಕ ಬೆರೆಸಿ ಜೇನುತುಪ್ಪದಂಥ ಪಾಕ ಮಾಡ್ತಾರೆ. ಅದನ್ನ ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಬಿಟ್ಟರೆ ಎಳೆ ಸಿಗುತ್ತೆ. ಈ ಪ್ರಕ್ರಿಯೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತೆ. ಕೊಳೆತ ಮೊಟ್ಟೆಯ ವಾಸನೆ ಅಂತೀವಲ್ಲ, ಅದೇ. ಹರಿಹರದ ಮೇಲೆ ರೈಲಿನಲ್ಲಿ ಓಡಾಡಿದ ಒಂದು ತಲೆಮಾರಿನವರಿಗೆ ಊರು ಬಂತು ಅಂತ ಕಣ್ಣಿಗಿಂತ ಮೊದಲು ಮೂಗಿಗೆ ತಿಳೀತಿತ್ತು.

ವಾಸನೆ ಗಾಳಿಗೆ ಹೋಯಿತು, ಕಾರ್ಖಾನೆಯ ಕೊಳೆ ನೀರು ನದಿಗೆ ಸೇರಿತು. ಬೇಸಿಗೆಯಲ್ಲಿ ತುಂಗಭದ್ರೆ ಸಣ್ಣಗೆ ಹರಿಯೋ ಹೊತ್ತಿಗೆ ಅದರ ಬಿಸಿ ತಟ್ಟಿದ್ದು ಕೆಳಗಿನ ಹಳ್ಳಿಗಳಿಗೆ. ಆ ಹಳ್ಳಿಗಳಿಗೆ ನದಿಯೇ ಕುಡಿಯೋ ನೀರು, ನದಿಯೇ ದನದ ನೀರು, ಮೀನು ಹಿಡಿಯೋರಿಗೆ ಅದೇ ಅನ್ನ. ನೀರು ಕಪ್ಪಾಗಿದೆ, ಮೀನು ಸಾಯ್ತಿವೆ ಅನ್ನೋ ದೂರುಗಳು ಬರತೊಡಗಿದವು.

ದೂರು ಕೊಡೋರು ಯಾವಾಗಲೂ ಇರ್ತಾರೆ. ದೂರನ್ನ ಒಂದು ಕಡೆ ಸೇರಿಸಿ, ಕಾಗದಕ್ಕೆ ಇಳಿಸಿ, ಬೆನ್ನು ಹತ್ತೋರು ಕಡಿಮೆ. ಇಲ್ಲಿ ಆ ಕೆಲಸಕ್ಕೆ ಜನ ಸಿಕ್ಕರು. ಎಸ್.ಆರ್. ಹಿರೇಮಠರ ಹೆಸರು ನೀವು ಕೇಳಿರಬಹುದು. ಬಳ್ಳಾರಿಯ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಸಮಾಜ ಪರಿವರ್ತನ ಸಮುದಾಯ ಅವರದ್ದೇ ಸಂಘಟನೆ. ಅವರ ಕತೆ ಶುರುವಾಗೋದು ಗಣಿಯಿಂದಲ್ಲ, ಈ ನದಿ ದಡದಿಂದ. ಅಮೆರಿಕದಲ್ಲಿ ಓದಿ, ಕೆಲಸ ಮಾಡ್ತಿದ್ದ ಹಿರೇಮಠರು ಪತ್ನಿ ಮೇವಿಸ್ ಜೊತೆ 1979ರಲ್ಲಿ ಊರಿಗೆ ವಾಪಸ್ ಬಂದರು. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸಕ್ಕೆ ನಿಂತರು. ಮೆಡ್ಲೇರಿ ನದಿಗೆ ದೂರವಿಲ್ಲ. ಹಳ್ಳಿಯ ಜನರ ಜೊತೆ ಕೂತವರಿಗೆ ನದಿಯ ವಿಷಯ ತಪ್ಪಿಸಿಕೊಳ್ಳೋಕೆ ಆಗೋದೂ ಇಲ್ಲ. 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು.

ಅದೇ ವರ್ಷ ನವೆಂಬರ್ 14ರಂದು ಇನ್ನೊಂದು ಘಟನೆ ನಡೀತು. ಅವತ್ತು ಮಕ್ಕಳ ದಿನಾಚರಣೆ. ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ‘ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್’ ಅನ್ನೋ ಜಂಟಿ ಕಂಪನಿ ಮಾಡಿಕೊಳ್ಳೋ ಒಪ್ಪಂದಕ್ಕೆ ಬಂದವು. ಸರ್ಕಾರದ ಪಾಲು ಶೇ. 51, ಕಂಪನಿಯದ್ದು ಶೇ. 49. ಕಾರ್ಖಾನೆಗೆ ಬೇಕಾದ ನೀಲಗಿರಿ ಮತ್ತು ಬೇಗ ಬೆಳೆಯೋ ಇತರ ಮರಗಳನ್ನ ಬೆಳೆಸಿಕೊಡೋದು ಅದರ ಕೆಲಸ. ಅದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಜಮೀನು ಗುರುತಾಯಿತು. ಗುತ್ತಿಗೆ 40 ವರ್ಷಕ್ಕೆ. ಬಾಡಿಗೆ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ. ಬೆಳೆದದ್ದರಲ್ಲಿ ಶೇ. 87.5 ನೇರವಾಗಿ ಕಾರ್ಖಾನೆಗೆ, ಉಳಿದದ್ದನ್ನೂ ಬೇಕಾದರೆ ಅದೇ ಕೊಳ್ಳಬಹುದು.

ಲೆಕ್ಕ ಹಾಕಿ ನೋಡಿ. 30,000 ಹೆಕ್ಟೇರ್ ಅಂದ್ರೆ ಸುಮಾರು 74,000 ಎಕರೆ. ಅಷ್ಟೂ ನೆಲಕ್ಕೆ ವರ್ಷದ ಬಾಡಿಗೆ 74,000 ರೂಪಾಯಿ. ಇವತ್ತು ಬೆಂಗಳೂರಿನಲ್ಲಿ ಒಂದು ಒಳ್ಳೇ ಫ್ಲ್ಯಾಟಿಗೆ ಒಂದೆರಡು ತಿಂಗಳಿಗೆ ಕೊಡೋ ದುಡ್ಡು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಗದದ ಮೇಲೆ ಈ ನೆಲ ಸರ್ಕಾರದ್ದು. ಕಂದಾಯ ಇಲಾಖೆಯ ಭಾಷೆಯಲ್ಲಿ ಸಿ ಮತ್ತು ಡಿ ದರ್ಜೆ ಜಮೀನು, ಅಂದ್ರೆ ಪಾಳು. ಆದ್ರೆ ಹಳ್ಳಿಯವರ ಬದುಕಿನಲ್ಲಿ ಅದು ಪಾಳು ಆಗಿರಲಿಲ್ಲ. ದನ ಕುರಿ ಮೇಯೋದು ಅಲ್ಲೇ, ಒಲೆಗೆ ಪುಳ್ಳೆ ಆರಿಸೋದು ಅಲ್ಲೇ, ನೇಗಿಲಿಗೆ ಕಟ್ಟಿಗೆ ಸಿಗೋದು ಅಲ್ಲೇ. ಹೊಲ ಇದ್ದವನಿಗಿಂತ ಹೊಲ ಇಲ್ಲದವನಿಗೆ ಆ ನೆಲ ಹೆಚ್ಚು ಬೇಕಾಗಿತ್ತು. ನೀಲಗಿರಿಯನ್ನ ದನ ಮುಟ್ಟಲ್ಲ, ಅದರ ಕೆಳಗೆ ಹುಲ್ಲೂ ಸರಿಯಾಗಿ ಏಳಲ್ಲ. ಒಂದೇ ಒಪ್ಪಂದದಲ್ಲಿ ಹಳ್ಳಿಯ ಹುಲ್ಲು, ಸೌದೆ, ನೆರಳು ಮೂರೂ ನೂಲಿನ ಎಳೆಯಾಗಿ ಹೋಗೋ ಸ್ಥಿತಿ ಬಂತು.

ಒಪ್ಪಂದ ಆಗಿ ಮೂರು ವಾರ ತುಂಬೋ ಮೊದಲೇ, ಡಿಸೆಂಬರ್ 2ರ ರಾತ್ರಿ, ಭೋಪಾಲದಲ್ಲಿ ವಿಷಾನಿಲ ಸೋರಿತು. ಕಾರ್ಖಾನೆಯ ಗಾಳಿ ಜನರನ್ನ ಕೊಲ್ಲಬಹುದು ಅನ್ನೋದು ಇಡೀ ದೇಶಕ್ಕೆ ಅರ್ಥವಾದ ಹೊತ್ತು ಅದು. ಕೇಂದ್ರದ ಪರಿಸರ ಸಂರಕ್ಷಣಾ ಕಾಯಿದೆ ಬಂದದ್ದು ಆಮೇಲೆ, 1986ರಲ್ಲಿ.

ಕರ್ನಾಟಕದಲ್ಲಿ ಅಷ್ಟೊತ್ತಿಗಾಗಲೇ ಗಾಳಿ ಬದಲಾಗಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನ ಮರ ತಬ್ಬಿ ನಿಂತು ಅಪ್ಪಿಕೋ ಚಳವಳಿ ಶುರುಮಾಡಿದ್ದರು. ಅದೇ ವರ್ಷ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನ ಕಿತ್ತಿದ್ದರು. ಮರ ಉಳಿಸೋದಕ್ಕೂ ಚಳವಳಿ, ಮರ ಕೀಳೋದಕ್ಕೂ ಚಳವಳಿ. ಹೊರಗಿನಿಂದ ನೋಡೋರಿಗೆ ವಿಚಿತ್ರ ಅನ್ನಿಸಬಹುದು. ಹಳ್ಳಿಯವರಿಗೆ ಅದರಲ್ಲಿ ಗೊಂದಲ ಇರಲಿಲ್ಲ. ಯಾವ ಮರ, ಯಾರ ಮರ ಅನ್ನೋದಷ್ಟೇ ಅವರ ಪ್ರಶ್ನೆ.

ಸಮಾಜ ಪರಿವರ್ತನ ಸಮುದಾಯ ಎರಡು ಕಡೆಯಿಂದ ಕೆಲಸ ಶುರುಮಾಡಿತು. ಒಂದು ಕಡೆ ಹಳ್ಳಿ ಹಳ್ಳಿ ತಿರುಗೋದು, ಇನ್ನೊಂದು ಕಡೆ ಕೋರ್ಟು. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮುಖ್ಯ ಹೆಸರು ಡಾ. ಶಿವರಾಮ ಕಾರಂತರದ್ದು. ಕಾರಂತರಿಗೆ ಆಗ 84 ವರ್ಷ. ಜ್ಞಾನಪೀಠ ಬಂದಾಗಿತ್ತು. ಮನೆಯಲ್ಲಿ ಕೂತು ಸನ್ಮಾನ ಮಾಡಿಸಿಕೊಳ್ಳಬಹುದಾದ ವಯಸ್ಸಲ್ಲಿ ಸರ್ಕಾರದ ವಿರುದ್ಧ ಅರ್ಜಿಗೆ ಸಹಿ ಹಾಕಿದರು. 1987ರ ಮಾರ್ಚ್ 24ರಂದು ಜಮೀನು ಹಸ್ತಾಂತರಕ್ಕೆ ಕೋರ್ಟು ತಡೆಯಾಜ್ಞೆ ಕೊಟ್ಟಿತು.

ತಡೆಯಾಜ್ಞೆ ಸಿಕ್ಕಿತು ಅಂತ ಇವರು ಮನೆಗೆ ಹೋಗಲಿಲ್ಲ. ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 1987ರ ನವೆಂಬರ್ 14ರಂದು, ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಕಂಪನಿ ನೆಟ್ಟಿದ್ದ ನೀಲಗಿರಿ ಸಸಿಗಳಲ್ಲಿ ಸಾಂಕೇತಿಕವಾಗಿ ನೂರರಷ್ಟನ್ನ ಕಿತ್ತರು. ಕಿತ್ತ ಜಾಗದಲ್ಲಿ ಜನರಿಗೆ ಹಣ್ಣು, ದನಕ್ಕೆ ಮೇವು ಕೊಡೋ ಗಿಡಗಳನ್ನ ನೆಟ್ಟರು. ಆ ಸತ್ಯಾಗ್ರಹಕ್ಕೆ ಇಟ್ಟ ಹೆಸರು ‘ಕಿತ್ತಿಕೋ ಹಚ್ಚಿಕೋ’.

ಈ ಹೆಸರನ್ನ ಸ್ವಲ್ಪ ಗಮನಿಸಿ. ಬೆಂಗಳೂರು ಮೈಸೂರಿನ ಕಡೆ ನಾವು ಗಿಡ ‘ನೆಡ್ತೀವಿ’. ಆ ಸೀಮೆಯವರು ಗಿಡ ‘ಹಚ್ತಾರೆ’. ದೀಪಾನೂ ಹಚ್ಚೋದೇ, ಗಿಡಾನೂ ಹಚ್ಚೋದೇ. ಬರೀ ‘ಕಿತ್ತಿಕೋ’ ಅಂತ ನಿಲ್ಲಿಸಿದ್ದರೆ ಅದು ಕೋಪ ಆಗ್ತಿತ್ತು, ಪೊಲೀಸರ ಪುಸ್ತಕದಲ್ಲಿ ಆಸ್ತಿ ಹಾನಿ ಆಗ್ತಿತ್ತು. ಬರೀ ‘ಹಚ್ಚಿಕೋ’ ಅಂದಿದ್ದರೆ ವನಮಹೋತ್ಸವ. ಎರಡೂ ಸೇರಿದ್ದರಿಂದ ನಮಗೇನು ಬೇಡ, ನಮಗೇನು ಬೇಕು ಎರಡನ್ನೂ ಒಂದೇ ದಿನ, ಒಂದೇ ಗುಂಡಿಯಲ್ಲಿ ಹೇಳಿದ ಹಾಗಾಯಿತು.

ಅಲ್ಲಿಂದ ಇನ್ನೂ ನಾಲ್ಕು ವರ್ಷ ಅರ್ಜಿ, ಸಭೆ, ಪಾದಯಾತ್ರೆ, ಶಾಸಕರ ಮನೆ ಬಾಗಿಲು. ಕೊನೆಗೆ 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯನ್ನೇ ಮುಚ್ಚಲಾಯಿತು. ಏಳು ವರ್ಷದ ಕೆಲಸ. ಪರಿಸರ ಚರಿತ್ರೆ ಬರೆಯೋ ರಾಮಚಂದ್ರ ಗುಹಾ ಅವರು ಸ್ಪೇನಿನ ಅರ್ಥಶಾಸ್ತ್ರಜ್ಞ ಹುವಾನ್ ಮಾರ್ಟಿನೆಜ್ ಅಲಿಯರ್ ಜೊತೆ 1997ರಲ್ಲಿ ತಂದ ಪುಸ್ತಕದಲ್ಲಿ, ಬಡವರ ಪರಿಸರವಾದ ಅಂದ್ರೆ ಏನು ಅನ್ನೋದಕ್ಕೆ ಕುಸನೂರಿನ ಉದಾಹರಣೆಯನ್ನೇ ಎತ್ತಿಕೊಂಡರು. ಹೊಟ್ಟೆ ತುಂಬಿದ ದೇಶದವರಿಗೆ ಮಾತ್ರ ಪರಿಸರದ ಚಿಂತೆ ಅನ್ನೋ ವಾದಕ್ಕೆ ನಮ್ಮ ಹಾನಗಲ್ ತಾಲೂಕಿನ ಒಂದು ಹಳ್ಳಿ ಉತ್ತರವಾಯಿತು. 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸೋದನ್ನ ನಿಷೇಧಿಸಿತು. ಕುಸನೂರಿನವರು ಹೇಳಿ ಮೂವತ್ತು ವರ್ಷದ ಮೇಲೆ.

ಹಾಗಂತ ಇದನ್ನ ಪೂರ್ತಿ ಗೆಲುವಿನ ಕತೆ ಅಂತ ಓದಬೇಡಿ. ನೆಲದ ಹೋರಾಟಕ್ಕೆ ಒಂದು ಕೊನೆ ಸಿಕ್ಕಿತು, ನದಿಯದ್ದಕ್ಕೆ ಸಿಗಲಿಲ್ಲ. ಕುಮಾರಪಟ್ಟಣದ ಕಾರ್ಖಾನೆ ಇವತ್ತೂ ನಡೀತಿದೆ, ಗ್ರಾಸಿಂ ಹೆಸರಲ್ಲಿ. ತುಂಗಭದ್ರೆಗೆ ಕೊಳೆ ಸೇರಿಸೋದು ಅದೊಂದೇ ಅಲ್ಲ, ದಡದ ಊರುಗಳ ಚರಂಡಿಗಳೂ ಸೇರಿಸ್ತವೆ. 2024ರ ನವೆಂಬರ್‌ನಲ್ಲಿ ‘ನಿರ್ಮಲ ತುಂಗಭದ್ರಾ’ ಅಂತ ಶೃಂಗೇರಿಯಿಂದ ಜನ ನದಿಗುಂಟ ನಡೆದು ಬಂದದ್ದು ಈ ಕೆಲಸ ಮುಗಿದಿಲ್ಲ ಅನ್ನೋದಕ್ಕೇ.

ಇನ್ನೊಂದು ಮಾತು. ಹರಿಹರದ ದಡದಲ್ಲಿದ್ದ ಎಷ್ಟೋ ಮನೆಗಳಿಗೆ ಆ ಕಾರ್ಖಾನೆಯೇ ಅನ್ನ. ಅಪ್ಪ ಶಿಫ್ಟಿಗೆ ಹೋಗ್ತಿದ್ದದ್ದರಿಂದಲೇ ಇಂಜಿನಿಯರಿಂಗ್ ಓದಿದವರು ಈ ಬರಹ ಓದ್ತಿರೋರಲ್ಲೂ ಇರಬಹುದು. ಅವರಿಗೆ ಈ ಚಳವಳಿ ಅಂದ್ರೆ ಸಂಬಳಕ್ಕೆ ಬಂದ ಬೆದರಿಕೆ. ಕೆಳದಂಡೆಯ ಮೀನುಗಾರನಿಗೆ ಕಾರ್ಖಾನೆ ಅಂದ್ರೆ ಊಟಕ್ಕೆ ಬಂದ ಬೆದರಿಕೆ. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಎರಡು ದಡ ಕೂಡಿಸೋದು ಕಷ್ಟ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಈಗ ನಮ್ಮ ಕಾರ್ಬನ್ ಗುಂಪಿಗೆ ಬರೋಣ.

ಒಂದು ಪ್ರಶ್ನೆ ಕೇಳ್ತೀನಿ, ಸುಮ್ಮನೆ ಯೋಚಿಸಿ. 1984ರಲ್ಲಿ ದಾವಣಗೆರೆಯಲ್ಲಿ ಇವತ್ತಿನ ಥರದ ಒಂದು ಕಾರ್ಬನ್ ಗುಂಪು ಇದ್ದಿದ್ದರೆ ಅದು ಯಾರ ಪರ ನಿಲ್ತಿತ್ತು? ನೀಲಗಿರಿ ಬೇಗ ಬೆಳೆಯುತ್ತೆ, ಗಾಳಿಯಲ್ಲಿನ ಇಂಗಾಲವನ್ನ ಬೇಗ ಹೀರಿಕೊಳ್ಳುತ್ತೆ. ರೇಯಾನ್ ಪೆಟ್ರೋಲಿಯಂನಿಂದ ಬರೋ ಪಾಲಿಯೆಸ್ಟರ್ ಅಲ್ಲ, ಮರದಿಂದ ಬರೋ ಬಟ್ಟೆ. ‘ಪಾಳು’ ಭೂಮಿ 30,000 ಹೆಕ್ಟೇರ್ ಹಸಿರಾಗುತ್ತೆ. ಎಕ್ಸೆಲ್ ಶೀಟಿನಲ್ಲಿ ಎಷ್ಟು ಚಂದ ಕಾಣ್ತಿತ್ತು! ಬರೀ ಕಾರ್ಬನ್ ಎಣಿಸೋ ಗುಂಪು ಒಪ್ಪಂದಕ್ಕೆ ಚಪ್ಪಾಳೆ ತಟ್ಟಿ, ಕುಸನೂರಿನವರನ್ನ ಪರಿಸರ ವಿರೋಧಿಗಳು ಅಂತ ಬೈದಿರೋದು. ಆ ಮರಗಳನ್ನ ಕೆಲವೇ ವರ್ಷದಲ್ಲಿ ಕಡಿದು ಅರೆದು ಬಟ್ಟೆ ಮಾಡಿದ ಮೇಲೆ ಹೀರಿದ ಇಂಗಾಲ ಮತ್ತೆ ಗಾಳಿಗೇ ಸೇರುತ್ತೆ ಅನ್ನೋ ಸಾಲು ಆ ಶೀಟಿನಲ್ಲಿ ಇರ್ತಿರಲಿಲ್ಲ. ಹುಲ್ಲು ಕಳ್ಕೊಂಡ ದನದ ಸಾಲಂತೂ ಇರ್ತಾನೇ ಇರಲಿಲ್ಲ.

ಇದು ಹಳೇ ಕತೆ ಅನ್ಕೋಬೇಡಿ. ಊರಿನ ಮಂಡಕ್ಕಿ ಭಟ್ಟಿಗಳನ್ನೇ ತಗೊಳ್ಳಿ. ಭತ್ತದ ಹೊಟ್ಟು ಉರಿಸಿದರೆ ಕಾರ್ಬನ್ ಲೆಕ್ಕದಲ್ಲಿ ಹೆಚ್ಚೇನೂ ಬರಲ್ಲ, ಯಾಕಂದ್ರೆ ಆ ಇಂಗಾಲ ಈ ವರ್ಷದ ಭತ್ತವೇ ಗಾಳಿಯಿಂದ ತಗೊಂಡದ್ದು. ಆದ್ರೆ ಆ ಒಲೆಯ ಮುಂದೆ ಬೆಳಗಿನ ಜಾವದಿಂದ ನಿಲ್ಲೋರ ಕಣ್ಣು, ಎದೆಗೆ ಈ ಲೆಕ್ಕ ಗೊತ್ತಿಲ್ಲ. ಸೌದೆ ಒಲೆಯ ಬೆಣ್ಣೆ ದೋಸೆಯ ಕತೆಯೂ ಅಷ್ಟೇ. ಪ್ಲೇಟಿನ ಮುಂದೆ ಕೂತವರಿಗೆ ರುಚಿ, ಹಂಚಿನ ಮುಂದೆ ನಿಂತವರಿಗೆ ಹೊಗೆ. ಶೀಟಿನಲ್ಲಿ ಸೊನ್ನೆ ಅಂತ ಬಂದದ್ದೆಲ್ಲ ಸೊನ್ನೆ ಅಲ್ಲ.

ಹಾಗಾದ್ರೆ ಎಣಿಸೋದೇ ಬೇಡವಾ? ಬೇಕು. ಎಣಿಸದ ಗುಂಪು ಬೇಗ ಸಾಯುತ್ತೆ. ಬ್ರಿಟನ್ನಿನಲ್ಲಿ 2005-06ರ ಹೊತ್ತಿಗೆ ‘ಕಾರ್ಬನ್ ರೇಷನಿಂಗ್ ಆಕ್ಷನ್ ಗ್ರೂಪ್’ ಅಂತ ಸಣ್ಣ ಸಣ್ಣ ಗುಂಪುಗಳು ಹುಟ್ಟಿದವು. ಅಕ್ಕಪಕ್ಕದ ಮನೆಯವರು ಸೇರಿ, ವರ್ಷಕ್ಕೆ ಒಬ್ಬೊಬ್ಬರಿಗೆ ಇಷ್ಟೇ ಕಾರ್ಬನ್ ಅಂತ ತಾವೇ ರೇಷನ್ ಕಟ್ಟಿಕೊಂಡರು. ಕರೆಂಟು, ಗ್ಯಾಸು, ಕಾರು, ವಿಮಾನ ಎಲ್ಲ ಬರೆದಿಟ್ಟು ವರ್ಷದ ಕೊನೆಗೆ ಕೂಡಿಸೋದು. ರೇಷನ್ ಮೀರಿದವರು ಕಿಲೋಗೆ ಇಷ್ಟು ಪೆನ್ನಿ ಅಂತ ದಂಡ ಕಟ್ಟೋದು. ನಮ್ಮ ಚೀಟಿ ಗುಂಪಿನ ಥರ ಅನ್ನಿ: ಪುಸ್ತಕ ಒಂದು, ನಂಬಿಕೆ ಒಂದು, ತಿಂಗಳಿಗೊಂದು ಸಭೆ.

ಈ ಪುಸ್ತಕ ನಾವೂ ಇಡಬಹುದು, ಕಷ್ಟವೇನಿಲ್ಲ. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಒಂದು ಲೀಟರ್ ಪೆಟ್ರೋಲಿಗೆ 2.3 ಕೆ.ಜಿ., ಡೀಸೆಲ್ಲಿಗೆ 2.7 ಕೆ.ಜಿ. ಮನೆಯ 14.2 ಕೆ.ಜಿ. ಸಿಲಿಂಡರಿಗೆ ಸುಮಾರು 42 ಕೆ.ಜಿ. ಈ ನಾಲ್ಕು ಅಂಕಿ ಗೊತ್ತಿದ್ದರೆ ಮನೆಯ ಲೆಕ್ಕದ ಬಹುಪಾಲು ಮುಗೀತು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಒಬ್ಬರೇ ಕಾರಿನಲ್ಲಿ ಊರಿಗೆ ಬಂದರೆ ಸುಮಾರು 260 ಕಿ.ಮೀ. ಲೀಟರಿಗೆ 15 ಕೊಡೋ ಕಾರಾದರೆ 17 ಲೀಟರ್ ಪೆಟ್ರೋಲು, 40 ಕೆ.ಜಿ. ಕಾರ್ಬನ್. ಅಮ್ಮ ಇಡೀ ತಿಂಗಳು ಅಡುಗೆ ಮಾಡಿದ ಸಿಲಿಂಡರಿನಷ್ಟು, ನೀವು ಬಂದ ಒಂದೇ ದಾರಿಗೆ. ಅದೇ ದಾರಿಯಲ್ಲಿ ರೈಲಿದೆ. 2023ರಿಂದ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತೆ.

ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಿಗೆ ಕರೆಂಟ್ ಬಿಲ್ ಸೊನ್ನೆ. ಒಳ್ಳೇದೇ. ಆದ್ರೆ ಬೆಸ್ಕಾಂ ಚೀಟಿಯಲ್ಲಿ ರೂಪಾಯಿ ಸೊನ್ನೆ ಇದ್ದರೂ ಯೂನಿಟ್ ಸೊನ್ನೆ ಇರಲ್ಲ, ನೋಡಿ. ಗುಂಪಿನ ಪುಸ್ತಕಕ್ಕೆ ಬೇಕಾದದ್ದು ಆ ಯೂನಿಟ್. ನಮ್ಮೂರ ಬಿಸಿಲಿಗೆ ಮೂರು ಕಿಲೋವ್ಯಾಟಿನ ಸೋಲಾರ್ ಹಾಕಿದರೆ ವರ್ಷಕ್ಕೆ ಸುಮಾರು 4,000 ಯೂನಿಟ್ ಬರುತ್ತೆ. 2024ರಲ್ಲಿ ಶುರುವಾದ ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವೂ ಇದೆ. ಹತ್ತು ಮನೆಯವರು ಒಟ್ಟಿಗೆ ಹೋದರೆ ಕೊಟೇಶನ್ನೂ ಇಳಿಯುತ್ತೆ, ಅರ್ಜಿಯ ಓಡಾಟವೂ ಹಂಚಿಹೋಗುತ್ತೆ. ಗುಂಪು ಅಂತ ಇರೋದು ಇದಕ್ಕೇ ಅಲ್ವಾ?

ಮನೆಯಿಂದ ಆಚೆ ಇನ್ನೊಂದು ಲೆಕ್ಕ ಇದೆ, ಅದು ಭದ್ರಾ ನಾಲೆಯದ್ದು. ಹರಿಹರ, ದಾವಣಗೆರೆ ಸುತ್ತ ಭತ್ತದ ಗದ್ದೆಗಳಲ್ಲಿ ನೀರು ನಿಲ್ಲಿಸಿದಾಗ ಮಣ್ಣಿನಲ್ಲಿ ಮೀಥೇನ್ ಹುಟ್ಟುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನ ಕಾಯಿಸುತ್ತೆ. ಗದ್ದೆಯನ್ನ ಆಗಾಗ ಒಣಗಿಸಿ ಮತ್ತೆ ನೀರು ಬಿಟ್ಟರೆ ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ನೀರೂ ಉಳಿಯುತ್ತೆ. ಆದ್ರೆ ಇದನ್ನ ರೈತನಿಗೆ ಹೇಳೋ ಮೊದಲು ಅವನ ಕಷ್ಟ ಕೇಳಬೇಕು. ನಾಲೆಯ ಕೊನೆಯ ಹೊಲದವನು ನೀರು ಬಂದಾಗ ತುಂಬಿಸಿಕೊಳ್ಳದೆ ಏನು ಮಾಡ್ತಾನೆ? ಮುಂದಿನ ಸರದಿಗೆ ನೀರು ಬರುತ್ತೆ ಅನ್ನೋ ಭರವಸೆ ಇದ್ದವನು ಮಾತ್ರ ಗದ್ದೆ ಒಣಗಿಸೋ ಧೈರ್ಯ ಮಾಡ್ತಾನೆ. ಇಲ್ಲಿ ಕಾರ್ಬನ್ ಪ್ರಶ್ನೆ ನೀರಿನ ನ್ಯಾಯದ ಪ್ರಶ್ನೆಯೇ ಆಗಿಬಿಡುತ್ತೆ.

ಕುಸನೂರಿನ ಜನ ಗೆದ್ದದ್ದು ಯಾಕೆ ಅಂತ ಹಿಂದಿರುಗಿ ನೋಡಿದರೆ ನನಗೆ ಕಾಣೋದು ಕೆಲವು ಸಾದಾ ಸಂಗತಿಗಳು. ಅವರು ‘ಪ್ರಕೃತಿ ಉಳಿಸಿ’ ಅನ್ನಲಿಲ್ಲ. ಇಂಥ ಒಪ್ಪಂದ, ಇಷ್ಟು ಎಕರೆ, ಇಷ್ಟು ಬಾಡಿಗೆ ಅಂತ ಬೆರಳಿಟ್ಟು ತೋರಿಸಿದರು. ಅಂಕಿ ಅವರ ಬಾಯಲ್ಲಿತ್ತು. ಅಮೆರಿಕ ನೋಡಿ ಬಂದವರು, ಕಾದಂಬರಿ ಬರೆದವರು, ಕುರಿ ಕಾಯೋರು ಒಂದೇ ಅರ್ಜಿಯ ಹಿಂದೆ ನಿಂತರು. ಕೋರ್ಟನ್ನ ನಂಬಿದರು, ಆದ್ರೆ ಕೋರ್ಟೊಂದನ್ನೇ ನಂಬಲಿಲ್ಲ. ಏಳು ವರ್ಷ ಬೇಸರ ಮಾಡಿಕೊಳ್ಳದೆ ಅದೇ ಮಾತನ್ನ ಹೇಳಿದರು. ಮತ್ತೆ, ಕಿತ್ತ ಜಾಗವನ್ನ ಖಾಲಿ ಬಿಡಲಿಲ್ಲ.

ಅವರಿಗಿಲ್ಲದ ಅನುಕೂಲ ನಮಗಿವೆ. 2005ರಿಂದ ಮಾಹಿತಿ ಹಕ್ಕು ಇದೆ. ಒಂದು ಒಪ್ಪಂದದ ಪ್ರತಿಗಾಗಿ ಆಗ ಎಷ್ಟು ಬಾಗಿಲು ತಟ್ಟಬೇಕಿತ್ತೋ, ಈಗ ಹತ್ತು ರೂಪಾಯಿಯ ಅರ್ಜಿ ಸಾಕು. ದಾವಣಗೆರೆ ಪಾಲಿಕೆಯ ಬೀದಿದೀಪಕ್ಕೆ, ನೀರೆತ್ತೋ ಪಂಪಿಗೆ ವರ್ಷಕ್ಕೆ ಎಷ್ಟು ಯೂನಿಟ್ ಹೋಗುತ್ತೆ ಅಂತ ಕೇಳಬಹುದು. 2016ರ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ನಮ್ಮೂರೂ ಒಂದು. ಆ ದುಡ್ಡಲ್ಲಿ ಆದ ಕೆಲಸದಿಂದ ಕರೆಂಟು, ಡೀಸೆಲ್ಲು ಎಷ್ಟು ಉಳೀತು ಅಂತಲೂ ಕೇಳಬಹುದು. ಒಂದು ಗುಂಪು ವರ್ಷವಿಡೀ ಮಾಡೋಕೆ ಇಷ್ಟೇ ಸಾಕಷ್ಟು ಕೆಲಸ.

ಹೆಸರು, ಟೀ ಶರ್ಟ್ ಆಮೇಲೆ ನೋಡೋಣ. ಮೊದಲ ಸಭೆಗೆ ಬರೋರು ಆರು ತಿಂಗಳ ಕರೆಂಟ್ ಚೀಟಿ, ಪೆಟ್ರೋಲಿನ ಅಂದಾಜು ತರಲಿ. ಎರಡನೇ ಸಭೆಗೆ ನಾವು ಹತ್ತು ಜನ ಸಾಫ್ಟ್‌ವೇರಿನವರು, ಬ್ಯಾಂಕಿನವರು ಮಾತ್ರ ಇದ್ದರೆ ಆಗಲ್ಲ. ಒಬ್ಬ ಭಟ್ಟಿ ಕೆಲಸದವರು, ನಾಲೆಯ ಕೊನೆಯ ಹೊಲದ ಒಬ್ಬ ರೈತರು, ಕುಮಾರಪಟ್ಟಣದಲ್ಲಿ ಶಿಫ್ಟ್ ಮಾಡಿದ ಒಬ್ಬ ಹಿರಿಯರು, ನದಿಯ ಕೆಳದಂಡೆಯ ಒಬ್ಬ ಮೀನುಗಾರರು ಬರಬೇಕು. ಅವರಿಗೆ ಅನುಕೂಲವಾಗೋ ದಿನ, ಅವರಿಗೆ ಅನುಕೂಲವಾಗೋ ಜಾಗದಲ್ಲಿ ಸಭೆ ಆಗಬೇಕು. ಏನು ಕೀಳೋಣ ಅನ್ನೋ ಪಟ್ಟಿ ನಾವು ತರಬಹುದು. ಏನು ಹಚ್ಚೋಣ ಅನ್ನೋದನ್ನ ಅವರನ್ನ ಕೇಳಿಯೇ ಬರೀಬೇಕು.